ಕ್ಯಾಥೊಲಿಕ್ ಪ್ರತಿಷ್ಠಾನದ ನೆರವು ಕೇಳುವುದು ಹೇಗೆ? ಕಾಸರಗೋಡಿನ ಕಲಾ ಸಂಘಗಳಿಗೊಂದು ಮಾರ್ಗದರ್ಶಿ

ಪತ್ತನಾಜೆ (ಮೇ ಕೊನೆಗೆ ಬರುವ, ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಕೂಡಲೇ ನನಗೆ ಫೋನ್ ಶುರುವಾಗುತ್ತದೆ. ಮಂಜೇಶ್ವರದಿಂದ, ಬದಿಯಡ್ಕದಿಂದ, ವರ್ಕಾಡಿಯಿಂದ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. "ಚರ್ಚಿನವರ ಟ್ರಸ್ಟ್ ಕಲೆಗೆ, ಯುವಕರಿಗೆ ದುಡ್ಡು ಕೊಡ್ತದಂತೆ, ಹೌದಾ? ನಮ್ಮ ಸಂಘಕ್ಕೂ ಸಿಗಬಹುದಾ?"

ಸಿಗಬಹುದು. ಆದರೆ ಅರ್ಜಿ ಚೆನ್ನಾಗಿ ಬರೆದರೆ ಸಿಗುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಅದು ತಪ್ಪು. ಬರವಣಿಗೆ ಸುಮಾರಾಗಿದ್ದರೂ ಲೆಕ್ಕ ನೆಟ್ಟಗಿದ್ದ ಅರ್ಜಿ ಪಾಸಾಗುತ್ತದೆ. ಸಂಸ್ಕೃತಿಯ ಬಗ್ಗೆ ಎರಡು ಪುಟ ಸುಂದರವಾಗಿ ಬರೆದು, ಚಹಾ ತಿಂಡಿಗೆ ಎಷ್ಟು ಅಂತ ಹೇಳದ ಅರ್ಜಿ ಬದಿಗೆ ಬೀಳುತ್ತದೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲು ಪ್ರತಿಷ್ಠಾನ ಅಂದರೆ ಏನು ಅಂತ ನೋಡೋಣ. ಧರ್ಮಪ್ರಾಂತ್ಯವೋ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಇಗರ್ಜಿಗಳ, ಅಂದರೆ ಚರ್ಚುಗಳ ಗುಂಪು), ಫಾದರುಗಳ ಅಥವಾ ಸಿಸ್ಟರುಗಳ ಒಂದು ಸಭೆಯೋ, ಕೆಲವೊಮ್ಮೆ ಕ್ಯಾಥೊಲಿಕ್ ಕುಟುಂಬವೋ ಒಂದು ಉದ್ದೇಶಕ್ಕೆ ಅಂತ ಹಣ ಎತ್ತಿಟ್ಟು ನಡೆಸುವ ಸಂಸ್ಥೆ ಇದು. ಶಿಕ್ಷಣ, ಆಸ್ಪತ್ರೆ ಎಲ್ಲರಿಗೂ ಗೊತ್ತು. ಕಲೆಗೂ ಇದೆ. ಮಂಗಳೂರಿನ ಬಜ್ಜೋಡಿಯಲ್ಲಿರುವ ಸಂದೇಶ ಪ್ರತಿಷ್ಠಾನ ಸಂಗೀತ, ನೃತ್ಯ, ಚಿತ್ರಕಲೆ ಕಲಿಸುತ್ತದೆ. ಕನ್ನಡ, ಕೊಂಕಣಿ, ತುಳು ಸಾಹಿತ್ಯಕ್ಕೂ ಕಲೆಗೂ ಪ್ರಶಸ್ತಿ ಕೊಡುತ್ತದೆ. ಇಂಥ ಸಂಸ್ಥೆಗಳು ಒಂದೊಂದೂ ಒಂದೊಂದು ಬಗೆ. ಕೆಲವು ತಾವೇ ಕಾರ್ಯಕ್ರಮ ಮಾಡುತ್ತವೆ, ಕೆಲವು ಬೇರೆ ಸಂಘಕ್ಕೆ ಹಣ ಕೊಡುತ್ತವೆ, ಕೆಲವು ಎರಡೂ. ಕೆಳಗೆ ಬರೆದದ್ದು ಯಾವುದೋ ಒಂದು ಸಂಸ್ಥೆಯ ನಿಯಮ ಅಲ್ಲ. ಎಲ್ಲಿಗೆ ಹೋದರೂ ಬೇಕಾಗುವ ತಯಾರಿ.

"ನಾವು ಕ್ರೈಸ್ತರಲ್ಲ, ನಮಗೆ ಕೊಡ್ತಾರಾ?" ಇದು ಎರಡನೇ ಪ್ರಶ್ನೆ. ಅದು ಅವರ ಟ್ರಸ್ಟ್ ಡೀಡಿನಲ್ಲಿ, ಅಂದರೆ ಸಂಸ್ಥೆ ಹುಟ್ಟುವಾಗ ಬರೆದಿಟ್ಟ ಉದ್ದೇಶ ಪತ್ರದಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. 'ಎಲ್ಲ ಸಮುದಾಯದ ಯುವಜನರು' ಅಂತ ಇದ್ದರೆ ಧೈರ್ಯವಾಗಿ ಕೇಳಿ. 1962ರಿಂದ 1965ರವರೆಗೆ ನಡೆದ ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯೇ ಲ್ಯಾಟಿನ್ ಬಿಟ್ಟು ಊರ ಭಾಷೆಗೆ ಬಂತು. ಊರ ಕಲೆಯ ಜೊತೆ ಬೆರೆಯುವುದು ಚರ್ಚಿಗೆ ಈಗ ಹೊಸತೇನಲ್ಲ. ನಮಗಂತೂ ಮೊದಲೇ ಹೊಸತಲ್ಲ. ಏಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದ ಗೋವಿಂದ ಪೈಗಳ ಊರು ಮಂಜೇಶ್ವರ ಅಲ್ವಾ?

1. ಯಾರನ್ನು ಕೇಳಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಮಂಜೇಶ್ವರ, ಬೇಳ, ಕಯ್ಯಾರು, ಕಾಸರಗೋಡು ಪೇಟೆ, ಈ ಕಡೆಯ ಕೊಂಕಣಿ ಇಗರ್ಜಿಗಳು ರಾಜ್ಯ ಕೇರಳವಾದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. 1956ರಲ್ಲಿ ಗಡಿ ಬದಲಾಯಿತು, ಇಗರ್ಜಿಯ ನಂಟು ಬದಲಾಗಲಿಲ್ಲ. ಮೂಡಣ ಗುಡ್ಡದ ಕಡೆ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರೋ ಮಲಬಾರ್ (ಕೇರಳದ ಇನ್ನೊಂದು ಕ್ಯಾಥೊಲಿಕ್ ಪಂಗಡ) ಕುಟುಂಬಗಳ ಇಗರ್ಜಿಗಳು ತಲಶ್ಶೇರಿ ಮಹಾಧರ್ಮಪ್ರಾಂತ್ಯದವು. ನಿಮ್ಮ ಊರಿನ ಇಗರ್ಜಿ ಯಾವುದಕ್ಕೆ ಸೇರಿದ್ದು ಅಂತ ಗೊತ್ತಿಲ್ಲದೆ ಮಂಗಳೂರಿಗೂ ತಲಶ್ಶೇರಿಗೂ ಎರಡೂ ಕಡೆ ಕಾಗದ ಹಾಕಿದವರಿದ್ದಾರೆ. ಹಾಗೆ ಮಾಡಬೇಡಿ.

ಊರಿನ ಫಾದರನ್ನು ಮೊದಲು ಭೇಟಿಯಾಗಿ. ಶಿಫಾರಸಿಗಾಗಿ ಅಲ್ಲ, ಅರ್ಜಿ ಹೋದ ಮೇಲೆ ಪ್ರತಿಷ್ಠಾನದವರು ಮೊದಲು ಫೋನ್ ಮಾಡುವುದೇ ಅವರಿಗೆ. "ಈ ಸಂಘ ಗೊತ್ತುಂಟಾ ಫಾದರ್?" ಅಂತ ಕೇಳಿದಾಗ "ಇಲ್ಲವಲ್ಲ" ಅಂದರೆ ಕಥೆ ಅಲ್ಲಿಗೆ ಮುಗಿಯಿತು. ಪೂಜೆ ಮುಗಿದ ಕೂಡಲೇ ಅಂಗಳದಲ್ಲಿ ಹಿಡಿದು ನಿಲ್ಲಿಸಬೇಡಿ. ವಾರದ ನಡುವೆ ಸಮಯ ಕೇಳಿ ಹೋಗಿ. ಜೊತೆಗೆ ನಿಮ್ಮ ವಾಳೆಯ ಗುರ್ಕಾರರನ್ನು ಕರಕೊಂಡು ಹೋದರೆ ಒಳ್ಳೆಯದು. ಗುರ್ಕಾರರು ಅಂದರೆ ಇಗರ್ಜಿಯ ಒಂದು ವಾರ್ಡಿನ ಮುಖ್ಯಸ್ಥರು. ಯಾರ ಮನೆಯಲ್ಲಿ ಯಾವ ಹುಡುಗ ಏನು ಮಾಡುತ್ತಿದ್ದಾನೆ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಇಗರ್ಜಿಯ ಒಳಗೇ ಇರುವ ಐಸಿವೈಎಂ (ಭಾರತೀಯ ಕ್ಯಾಥೊಲಿಕ್ ಯುವ ಸಂಚಾಲನ) ಘಟಕದವರಾದರೆ ದಾರಿ ಸ್ವಲ್ಪ ಬೇರೆ. ನೀವು ನೇರ ಅರ್ಜಿ ಹಾಕುವುದಲ್ಲ. ಫಾದರ್ ಮತ್ತು ಪಾಲನಾ ಸಮಿತಿಯ ಮೂಲಕ ಹೋಗಬೇಕು, ಹಣವೂ ಇಗರ್ಜಿಯ ಖಾತೆಗೇ ಬರುತ್ತದೆ. ನಿಮಗೆ ಮುಂದಿನ ಹೆಜ್ಜೆಯ ಅರ್ಧ ತಲೆನೋವು ಇಲ್ಲ.

2. 'ರಿ' ಬೋರ್ಡಿನಲ್ಲಿ ಇದ್ದರೆ ಸಾಲದು

ಹೊರಗಿನ ಸಂಘಗಳು ಜಾಸ್ತಿ ಎಡವುವುದು ಇಲ್ಲೇ. ಬೋರ್ಡಿನಲ್ಲಿ ದೊಡ್ಡದಾಗಿ '(ರಿ)' ಅಂತ ಇರುತ್ತದೆ. ಪ್ರಮಾಣಪತ್ರ ಕೇಳಿದರೆ ಸ್ಥಾಪಕ ಅಧ್ಯಕ್ಷರ ಮನೆಯಲ್ಲಿದೆ, ಅವರು ಈಗ ಮುಂಬಯಿಯಲ್ಲಿದ್ದಾರೆ ಅಂತ ಉತ್ತರ!

ಕಾನೂನಿನ ಲೆಕ್ಕದಲ್ಲಿ ನಮ್ಮದು ಮಲಬಾರ್ ಭಾಗವಾದ್ದರಿಂದ ಇಲ್ಲಿ ಸಂಘ ನೋಂದಣಿ ಆಗುವುದು 1860ರ ಸೊಸೈಟಿ ನೋಂದಣಿ ಕಾಯ್ದೆಯ ಕೆಳಗೆ. ಕೇರಳದ ತೆಂಕಣ ಜಿಲ್ಲೆಗಳಿಗೆ ತಿರುವಾಂಕೂರು ಕೊಚ್ಚಿಯ 1955ರ ಬೇರೆ ಕಾಯ್ದೆ ಇದೆ. ಹಾಗಾಗಿ ಎರ್ನಾಕುಳಂ ಕಡೆಯ ಗೆಳೆಯರು ಕಳಿಸಿದ ನಮೂನೆ ನೋಡಿ ಬೈಲಾ ಬರೆಯಬೇಡಿ. ಕನಿಷ್ಠ 7 ಮಂದಿ ಸದಸ್ಯರು ಬೇಕು. ನೋಂದಣಿ ಮಾಡುವುದು ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ. ಭಾಷಾ ಅಲ್ಪಸಂಖ್ಯಾತರಾಗಿ ಕಚೇರಿಗೆ ಕನ್ನಡದಲ್ಲೇ ಬರೆಯುವ ಹಕ್ಕು ನಮಗಿದೆ, ಬಿಟ್ಟುಕೊಡಬೇಡಿ. ಆದರೆ ಕೆಲಸ ಬೇಗ ಆಗಬೇಕಾದರೆ ಜೊತೆಗೊಂದು ಮಲಯಾಳಂ ಪ್ರತಿ ಇಟ್ಟರೆ ನಷ್ಟವೇನಿಲ್ಲ.

ನೋಂದಣಿ ಒಮ್ಮೆ ಆದರೆ ಮುಗಿಯಲಿಲ್ಲ. ಪ್ರತಿ ವರ್ಷ ಮಹಾಸಭೆ ಆದ ಮೇಲೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಕಾಯ್ದೆಯಲ್ಲಿ ಸಭೆಯ ನಂತರ 14 ದಿನದ ಒಳಗೆ ಅಂತ ಇದೆ. ಐದಾರು ವರ್ಷ ಕೊಡದೆ ಕೂತ ಸಂಘಗಳೇ ಜಾಸ್ತಿ. ಅರ್ಜಿ ಹಾಕುವ ವಾರ ಇದನ್ನು ಸರಿ ಮಾಡಲು ಹೊರಟರೆ ಆಗುವುದಿಲ್ಲ. ಈಗಲೇ ಹೋಗಿ ವಿಚಾರಿಸಿ. ಇನ್ನೊಂದು, ನೆಹರು ಯುವ ಕೇಂದ್ರದ ಅಥವಾ ಯುವಜನ ಕಲ್ಯಾಣ ಮಂಡಳಿಯ ಅಫಿಲಿಯೇಶನ್ ಇದೆ ಅಂತ ತೋರಿಸುವವರಿದ್ದಾರೆ. ಅದು ಸಂಯೋಜನೆ, ನೋಂದಣಿ ಅಲ್ಲ.

ಫೈಲಿನಲ್ಲಿ ಇರಬೇಕಾದ ಉಳಿದ ಕಾಗದಗಳು: ಬೈಲಾ (ನಿಯಮಾವಳಿ), ಸಂಘದ ಹೆಸರಿನ ಪಾನ್ ಕಾರ್ಡ್, ಇಬ್ಬರ ಸಹಿ ಇರುವ ಬ್ಯಾಂಕ್ ಖಾತೆ, ಹಿಂದಿನ ಎರಡು ಮೂರು ವರ್ಷದ ಲೆಕ್ಕಪತ್ರ, ಅರ್ಜಿ ಹಾಕಲು ಸಮಿತಿ ಒಪ್ಪಿದ ನಿರ್ಣಯದ ಪ್ರತಿ. ಕಾರ್ಯದರ್ಶಿಯ ಸ್ವಂತ ಖಾತೆಗೆ ಹಣ ಹಾಕಿ ಅಂತ ಕೇಳುವ ಯೋಚನೆಯೇ ಬೇಡ.

ಹೆಸರಿನ ವಿಷಯ ಮಾತ್ರ ಸ್ವಲ್ಪ ನಿಂತು ನೋಡಿ, ಇದು ನಮ್ಮೂರಿನದ್ದೇ ರೋಗ. ಒಂದೇ ಊರಿಗೆ ಇಲ್ಲಿ ಎರಡು ಹೆಸರು. ನೋಂದಣಿ ಪತ್ರದಲ್ಲಿ 'ಮಂಜೇಶ್ವರ', ಬ್ಯಾಂಕಿನಲ್ಲಿ 'ಮಂಜೇಶ್ವರಂ'. ಒಂದರಲ್ಲಿ 'ಕುಂಬಳೆ', ಇನ್ನೊಂದರಲ್ಲಿ 'ಕುಂಬಳ'. ಒಂದರಲ್ಲಿ 'ಯುವಕ ಮಂಡಲ', ಇನ್ನೊಂದರಲ್ಲಿ 'ಯುವಕ ಮಂಡಲಂ'. ನಮಗೆ ಎಲ್ಲ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಸಂಘ. ನಮ್ಮ ಸಂಘಕ್ಕೆ ಬರಬೇಕಿದ್ದ ಮೊದಲ ಕಂತು ಒಂದು ಅಕ್ಷರದ ದೆಸೆಯಿಂದ ವಾಪಸ್ ಹೋಗಿ, ಮತ್ತೆ ಬರುವಾಗ ತರಬೇತಿಯೇ ಮುಗಿಯುತ್ತಾ ಬಂದಿತ್ತು. ಪಾನ್, ಪಾಸ್‌ಬುಕ್, ನೋಂದಣಿ ಪತ್ರ ಮೂರನ್ನೂ ಮೇಜಿನ ಮೇಲೆ ಇಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ತಪ್ಪಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಿ ಪಾನ್ ತಿದ್ದುಪಡಿಗೆ ಹಾಕಿ, ಬ್ಯಾಂಕಿಗೆ ಒಂದು ಪತ್ರ ಕೊಡಿ.

12ಎ, 80ಜಿ ಬೇಕಾ ಅಂತ ಕೇಳುತ್ತಾರೆ. 12ಎ ಅಂದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಅಂದರೆ ನಿಮಗೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ನಂಬರು ಬೇರೆ, ಆದರೂ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಸಣ್ಣ ನೆರವಿಗೆ ಕೆಲವರು ಇದನ್ನು ಕೇಳುವುದಿಲ್ಲ, ಕೆಲವರು ಇಲ್ಲದೆ ಮುಟ್ಟುವುದೇ ಇಲ್ಲ. ಮೊದಲೇ ಫೋನ್ ಮಾಡಿ ಕೇಳಿ.

3. ವಿದೇಶದ ಹಣ: ಇಲ್ಲಿ ಹುಷಾರು

"ಜರ್ಮನಿಯ ಚರ್ಚಿನ ಸಂಸ್ಥೆ ದುಡ್ಡು ಕೊಡ್ತದಂತೆ, ನೇರ ಅಲ್ಲಿಗೇ ಬರೆದರೆ ಹೇಗೆ?" ಮಿಸೆರಿಯೊರ್‌ನಂಥ ದೊಡ್ಡ ಸಂಸ್ಥೆಗಳಿರುವುದು ನಿಜ. ಅದು 1958ರಲ್ಲಿ ಶುರುವಾದದ್ದು, ಆಖೆನ್ ಪಟ್ಟಣದಲ್ಲಿದೆ. ಆದರೆ ಎಫ್‌ಸಿಆರ್‌ಎ ನೋಂದಣಿಯೋ ಕೇಂದ್ರ ಸರಕಾರದ ಪೂರ್ವಾನುಮತಿಯೋ ಇಲ್ಲದ ಸಂಘ ವಿದೇಶದಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಎಫ್‌ಸಿಆರ್‌ಎ ಅಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ನೋಂದಣಿಗೆ ಸಂಘಕ್ಕೆ ಕನಿಷ್ಠ 3 ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ಬೇಕು. ವರ್ಷಕ್ಕೊಂದು ನಾಟಕ, ಒಂದು ಓಣಂ ಕ್ರೀಡಾಕೂಟ ಮಾಡುವ ಸಂಘಕ್ಕೆ ಇದು ಆಗಿಹೋಗುವ ಮಾತಲ್ಲ.

"ಹಾಗಾದರೆ ಮಂಗಳೂರಿನ ಸಂಸ್ಥೆ ತಾನು ಪಡೆದು ನಮಗೆ ಕೊಡಲಿ." 2020ರವರೆಗೆ ಕೆಲವು ಷರತ್ತಿನ ಮೇಲೆ ಆಗುತ್ತಿತ್ತು. ಆ ವರ್ಷದ ತಿದ್ದುಪಡಿಯಲ್ಲಿ ಅದನ್ನೂ ನಿಲ್ಲಿಸಿದರು. ವಿದೇಶಿ ದೇಣಿಗೆ ಪಡೆದವರು ಅದನ್ನು ಇನ್ನೊಂದು ಸಂಘಕ್ಕೆ ದಾಟಿಸುವ ಹಾಗಿಲ್ಲ. ಆದರೆ ಅವರು ತಾವೇ ಖರ್ಚು ಮಾಡಬಹುದು. ಆದ್ದರಿಂದ ಹೀಗೆ ಕೇಳಿ: "ಹಣ ನಮಗೆ ಬೇಡ. ಕಾರ್ಯಕ್ರಮ ನಿಮ್ಮದೇ ಆಗಲಿ. ಗುರುಗಳ ಸಂಭಾವನೆ, ವಾದ್ಯದ ಬಿಲ್ಲು ನೀವೇ ನೇರ ಕೊಡಿ. ಜಾಗ, ಮಕ್ಕಳು, ಓಡಾಟ ನಮ್ಮದು." ಈ ದಾರಿ ಎಷ್ಟೋ ಸಂಘಗಳಿಗೆ ಹೊಳೆಯುವುದೇ ಇಲ್ಲ. ಲೆಕ್ಕದ ತಲೆಬಿಸಿಯೂ ಅರ್ಧ ಕಡಿಮೆಯಾಗುತ್ತದೆ.

ಗಲ್ಫಿನ ಹಣದ ಬಗ್ಗೆ ಕೇಳದವರಿಲ್ಲ. ದುಬಾಯಿಯಲ್ಲಿರುವ ನಿಮ್ಮೂರಿನ ಹುಡುಗ ಭಾರತದ ಪಾಸ್‌ಪೋರ್ಟಿನವನಾಗಿದ್ದು, ತನ್ನ ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡಿರಿ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕಳಿಸಿದರೆ ಅದು ವಿದೇಶಿ ದೇಣಿಗೆ, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸಹ. ಅಲ್ಲಿ ನೋಂದಣಿಯಾದ ಅನಿವಾಸಿಗಳ ಸಂಘ ಕಳಿಸಿದ್ದಕ್ಕೂ ಅದೇ ನಿಯಮ.

4. ಸಣ್ಣದು ಕೇಳಿ

'ಗಡಿನಾಡಿನ ಸಂಸ್ಕೃತಿಯ ಉಳಿವು ಮತ್ತು ಬೆಳವಣಿಗೆ' ಅಂತ ಶೀರ್ಷಿಕೆ ಕೊಟ್ಟು ಹತ್ತು ಲಕ್ಷ ಕೇಳುವ ಅರ್ಜಿ ಬರೆಯುವುದು ಸುಲಭ. ಅದನ್ನು ಓದಿದವರಿಗೆ ನೀವು ಏನು ಮಾಡಲು ಹೊರಟಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಬದಲಿಗೆ 'ಹತ್ತು ಭಾನುವಾರ, 25 ಮಕ್ಕಳಿಗೆ ಹಿಮ್ಮೇಳ ಮತ್ತು ಗುಮಟೆ ತರಬೇತಿ' ಅನ್ನಿ. ಎಷ್ಟು ಮಂದಿ, ಎಷ್ಟು ದಿನ, ಏನು ಕಲಿಯುತ್ತಾರೆ, ಕೊನೆಗೆ ಎಲ್ಲಿ ನುಡಿಸುತ್ತಾರೆ. ನಾಲ್ಕೇ ವಿಷಯ.

ಈ ಉದಾಹರಣೆ ಸುಮ್ನೆ ಕೊಟ್ಟದ್ದಲ್ಲ. ಹಿಮ್ಮೇಳ ಅಂದರೆ ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ), ಚೆಂಡೆ, ಮದ್ದಳೆ, ಚಕ್ರತಾಳ. ತೆಂಕುತಿಟ್ಟಿಗೆ (ಯಕ್ಷಗಾನದ ತೆಂಕಣ ಶೈಲಿ) ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೇ ತವರು. ಗುಮಟೆ ಕೊಂಕಣಿಗರ ಮನೆಯ ವಾದ್ಯ. ಮಣ್ಣಿನ ಮಡಕೆಯ ದೊಡ್ಡ ಬಾಯಿಗೆ ಚರ್ಮ ಬಿಗಿದು, ಸಣ್ಣ ಬಾಯಿಯನ್ನು ಇನ್ನೊಂದು ಅಂಗೈಯಲ್ಲಿ ಮುಚ್ಚಿ ತೆರೆದು ನುಡಿಸುವುದು. ಎರಡೂ ಒಂದೇ ಸೂರಿನ ಕೆಳಗೆ ಕಲಿಸುತ್ತೇವೆ ಅಂದರೆ ಪ್ರತಿಷ್ಠಾನದವರು ಕಾಗದದಿಂದ ತಲೆ ಎತ್ತಿ ನೋಡುತ್ತಾರೆ. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುವುದಕ್ಕಿಂತ ಇದು ವಾಸಿ.

ಸಮಯ ಗೊತ್ತು ಮಾಡುವಾಗ ಊರಿನ ಲೆಕ್ಕ ಹಿಡಿಯಿರಿ. ಮೇಳದ ಕಲಾವಿದರು ಗುರುಗಳಾಗಿ ಸಿಗುವುದು ಮಳೆಗಾಲದಲ್ಲಿ. ತಿರುಗಾಟ ಶುರುವಾದ ಮೇಲೆ ರಾತ್ರಿಯಿಡೀ ಆಟ, ಹಗಲು ನಿದ್ದೆ, ಅವರನ್ನು ಕರೆಯುವ ಹಾಗಿಲ್ಲ. ಅಂದರೆ ತರಗತಿ ಜೂನ್ ಕೊನೆಗೆ ಶುರುವಾಗಬೇಕು. ಅರ್ಜಿ ಅದಕ್ಕಿಂತ ನಾಲ್ಕೈದು ತಿಂಗಳು ಮೊದಲೇ ಹೋಗಿರಬೇಕು. ಪತ್ತನಾಜೆ ಕಳೆದ ಮೇಲೆ ಫೋನ್ ಮಾಡುವವರಿಗೆ ನಾನು ಬೈಯುವುದು ಇದಕ್ಕೇ. ಭಾನುವಾರ ಬೆಳಗ್ಗೆ ಇಟ್ಟರೆ ಪೂಜೆ ಮತ್ತು ದೊತೊರ್ನ್ (ಕ್ರಿಸ್ತೋಪದೇಶ ತರಗತಿ) ಇರುವ ಮಕ್ಕಳಿಗೆ ಬರಲಾಗುವುದಿಲ್ಲ, ಮದ್ರಸಕ್ಕೆ ಹೋಗುವ ಮಕ್ಕಳಿಗೂ ಕಷ್ಟ. ಮಧ್ಯಾಹ್ನ ಎರಡರಿಂದ ಐದು ಇಡಿ. ಯಾಕೆ ಮಧ್ಯಾಹ್ನ ಅಂತ ಅರ್ಜಿಯಲ್ಲೂ ಒಂದು ಸಾಲು ಬರೆಯಿರಿ. ಊರು ಗೊತ್ತಿದ್ದವರು ಬರೆದದ್ದು ಅಂತ ಓದಿದವರಿಗೆ ತಿಳಿಯುತ್ತದೆ.

5. ಬಜೆಟ್: ಒಂದು ಮಾದರಿ

ಮೇಲಿನ ತರಬೇತಿಗೆ ನಾನಾದರೆ ಹೀಗೆ ಬರೆಯುತ್ತೇನೆ. ದರಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ದರ ನೀವು ಹಾಕಿ.

– ಇಬ್ಬರು ಗುರುಗಳು, 10 ದಿನ, ದಿನಕ್ಕೆ ತಲಾ 1,500 ರೂ.: 30,000
– ಚೆಂಡೆ, ಮದ್ದಳೆ ಬಾಡಿಗೆ, 10 ದಿನ, ದಿನಕ್ಕೆ 800 ರೂ.: 8,000
– ಗುಮಟೆ 6, ತಲಾ 2,000 ರೂ.: 12,000
– ಚಹಾ ತಿಂಡಿ, 30 ಮಂದಿ, 10 ದಿನ, ತಲಾ 40 ರೂ.: 12,000
– ಸಮಾರೋಪದ ವೇದಿಕೆ, ಧ್ವನಿವರ್ಧಕ: 15,000
– ಸಮಾರೋಪದ ಯಕ್ಷಗಾನಕ್ಕೆ ವೇಷಭೂಷಣ ಬಾಡಿಗೆ: 12,000
– ಮುದ್ರಣ, ಫೋಟೊ: 3,000
– ಲೆಕ್ಕ ಪರಿಶೋಧನೆ: 4,000

ಒಟ್ಟು 96,000 ರೂ. ಇದರಲ್ಲಿ ಚಹಾ ತಿಂಡಿ ಮಕ್ಕಳ ಮನೆಯವರದ್ದು, ವೇದಿಕೆ ಊರವರದ್ದು. ಅಂದರೆ 27,000 ನಮ್ಮ ಪಾಲು. ಕೇಳುವುದು 69,000 ರೂ. ಈ 'ನಮ್ಮ ಪಾಲು' ಇಲ್ಲದ ಅರ್ಜಿಗೆ ಬೆಲೆ ಇಲ್ಲ. ಊರಿನವರೇ ಕೈ ಹಾಕದ ಕೆಲಸಕ್ಕೆ ನಾವ್ಯಾಕೆ ಹಾಕಬೇಕು ಅಂತ ಅವರು ಕೇಳುವುದರಲ್ಲಿ ನ್ಯಾಯ ಇದೆ. ಇಗರ್ಜಿಯ ಸಭಾಂಗಣವೋ ಶಾಲೆಯ ಕೋಣೆಯೋ ಉಚಿತವಾಗಿ ಸಿಕ್ಕಿದ್ದರೆ ಅದನ್ನೂ ಪ್ರತ್ಯೇಕ ಬರೆಯಿರಿ.

ಎಡವುವ ಜಾಗಗಳು:

'ಇತರ ಖರ್ಚು 20,000' ಅನ್ನುವ ಸಾಲು ಹಾಕಬೇಡಿ. ಅದನ್ನು ನೋಡಿದ ಕೂಡಲೇ ಉಳಿದ ಎಲ್ಲ ಸಾಲಿನ ಮೇಲೂ ಅನುಮಾನ ಬರುತ್ತದೆ.

ಗುಮಟೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿ, ಅದರ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ಕೊಟೇಶನ್ನಿನಲ್ಲೇ (ಅಂಗಡಿಯವರು ಬರೆದುಕೊಡುವ ದರಪಟ್ಟಿ) 'ಆಡಿನ ಚರ್ಮದ ಗುಮಟೆ' ಅಂತ ಬರೆಸಿ. ಅಜ್ಜನ ಕಾಲದ ಗುಮಟೆಯ ನಾದ ಇದಕ್ಕಿಲ್ಲ ಅಂತ ಹಿರಿಯರು ಗೊಣಗುತ್ತಾರೆ, ಗೊಣಗಲಿ.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಗಡಿನಾಡ ಕನ್ನಡ ಸಂಘಗಳಿಗೆ ನೆರವು ಕೊಡುತ್ತದೆ. ಎರಡೂ ಕಡೆ ಕೇಳಬಹುದು, ತಪ್ಪಿಲ್ಲ. ಆದರೆ ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಬೇಡಿ. ಗುರುಗಳ ಸಂಭಾವನೆ ಒಬ್ಬರದ್ದು, ವೇಷಭೂಷಣ ಇನ್ನೊಬ್ಬರದ್ದು, ಹೀಗೆ ಬೇರೆ ಬೇರೆ ಮಾಡಿ, ಅದನ್ನು ಇಬ್ಬರಿಗೂ ತಿಳಿಸಿ.

6. ಮಕ್ಕಳ ಸುರಕ್ಷೆಯ ಕಾಗದ

ಇದನ್ನು ಮೊದಲ ಸಲ ಕೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ. "ನಮ್ಮೂರ ಮಕ್ಕಳು, ನಮ್ಮ ಗುರುಗಳು, ನಮ್ಮ ಮೇಲೆ ಅನುಮಾನವಾ?" ಅನುಮಾನ ಅಲ್ಲ. 2012ರ ಪೋಕ್ಸೊ ಕಾಯ್ದೆ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಎಲ್ಲರಿಗೂ ಅನ್ವಯಿಸುತ್ತದೆ. ಅದರ ಮೇಲೆ ಚರ್ಚ್ ತನ್ನದೇ ಆದ ಕಹಿ ಅನುಭವಗಳ ನಂತರ ಈ ವಿಷಯದಲ್ಲಿ ಬಿಗಿಯಾಗಿದೆ. ಅವರ ಹಣ ಬೇಕಾದರೆ ಈ ಕಾಗದ ಬೇಕು. ಹಣ ಬೇಡವಾದರೂ ಬೇಕು ಅಂತ ನಾನು ಹೇಳುತ್ತೇನೆ.

ಒಂದು ಪುಟ ಸಾಕು. 18 ವರ್ಷದ ಒಳಗಿನ ಪ್ರತಿ ಮಗುವಿಗೂ ತಂದೆ ತಾಯಿಯ ಒಪ್ಪಿಗೆ ಪತ್ರ. ಹುಡುಗಿಯರಿದ್ದರೆ ತರಗತಿಯಲ್ಲಿ ಒಬ್ಬ ಮಹಿಳೆ ಇದ್ದೇ ಇರಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೊಬ್ಬರು ಪಾಠ ಇಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಹುಡುಗಿಯರಿಗೆ ಬೇರೆ ಜಾಗ. ದೂರು ಇದ್ದರೆ ಯಾರಿಗೆ ಹೇಳಬೇಕು ಅಂತ ಒಬ್ಬರ ಹೆಸರು, ಮಕ್ಕಳ ಸಹಾಯವಾಣಿ 1098. ಫೋಟೊ ಬಳಸಲು ಒಪ್ಪಿಗೆ ಬೇರೆಯೇ ಕೇಳಿ. ಚೌಕಿಯ ವಿಷಯ ನೀವಾಗಿಯೇ ಬರೆದರೆ ಒಳ್ಳೆಯದು, ಯಕ್ಷಗಾನ ಗೊತ್ತಿಲ್ಲದವರಿಗೆ ಅದು ಹೊಳೆಯುವುದಿಲ್ಲ.

7. ಅರ್ಜಿ ಬರೆದು ಕಳಿಸುವುದು

ನಾಲ್ಕು ಪುಟ ಮೀರಬೇಡಿ. ಸಂಘದ ಪರಿಚಯ ಅರ್ಧ ಪುಟ, ಏನು ಮಾಡುತ್ತೀರಿ ಒಂದೂವರೆ ಪುಟ, ಬಜೆಟ್ ಒಂದು, ಸುರಕ್ಷೆ ಒಂದು. ಮಂಗಳೂರಿನ ಸಂಸ್ಥೆಯಾದರೆ ಕನ್ನಡ ಸಾಕು. ದೊಡ್ಡ ಸಂಸ್ಥೆಯಾದರೆ ಇಂಗ್ಲಿಷ್ ಕೇಳುತ್ತಾರೆ. ಗೊತ್ತಿದ್ದ ಟೀಚರ್ ಒಬ್ಬರಿಂದ ಮಾಡಿಸಿ, ಮೊಬೈಲಿನ ಅನುವಾದವನ್ನು ಹಾಗೇ ಕಳಿಸಬೇಡಿ. ಹಾಗೆ ಕಳಿಸಿದ ಒಂದು ಅರ್ಜಿಯಲ್ಲಿ ಭಾಗವತರು 'ದೇವರ ಭಕ್ತರು' ಆಗಿದ್ದರು.

ದಯವಿಟ್ಟು ಅವರಿಗೆ ಖುಷಿಯಾಗಲಿ ಅಂತ ಬೈಬಲ್ ವಾಕ್ಯ ತುಂಬಬೇಡಿ. ಇನ್ನೊಂದು ಕಡೆ, ಮತಾಂತರ ಅನ್ನುವ ಮಾತು ಊರಿನಲ್ಲಿ ಏಳಬಹುದು ಅನ್ನುವ ಭಯ ಇದ್ದರೆ ಅದನ್ನೂ ಮುಚ್ಚಿಡಬೇಡಿ. 'ತರಬೇತಿ ಎಲ್ಲ ಸಮುದಾಯದವರಿಗೆ ತೆರೆದಿದೆ, ಯಾವುದೇ ಧಾರ್ಮಿಕ ಬೋಧನೆ ಇದರ ಭಾಗವಲ್ಲ' ಅಂತ ಅರ್ಜಿಯಲ್ಲೂ ಊರಲ್ಲಿ ಹಂಚುವ ಕರಪತ್ರದಲ್ಲೂ ಒಂದೇ ವಾಕ್ಯ ಇರಲಿ. ಹಣ ಎಲ್ಲಿಂದ ಬಂತು ಅಂತ ಮೊದಲೇ ಹೇಳಿದರೆ ಗುಸುಗುಸು ಹುಟ್ಟುವುದಿಲ್ಲ. ದೇವಸ್ಥಾನದ ಸಮಿತಿಯವರಿಗೂ ಮಸೀದಿಯ ಜಮಾತಿನವರಿಗೂ ಉದ್ಘಾಟನೆಯ ಕಾಗದ ಕೈಯಲ್ಲೇ ಕೊಟ್ಟು ಬನ್ನಿ.

ಕಳಿಸಿದ ಮೇಲೆ ಮೂರು ವಾರ ಬಿಟ್ಟು ಒಮ್ಮೆ ಫೋನ್ ಮಾಡಿ. ದಿನಾ ಮಾಡಬೇಡಿ. ಶುಭ ಶುಕ್ರವಾರದ ವಾರ, ಕ್ರಿಸ್‌ಮಸ್ ವಾರ ಯಾರೂ ಸಿಗುವುದಿಲ್ಲ.

8. ಹಣ ಬಂದ ಮೇಲೆ

ಹಣ ಸಾಧಾರಣವಾಗಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಕೊಡದೆ ಎರಡನೆಯದು ಇಲ್ಲ.

ಗುರುಗಳಿಗೆ ಬ್ಯಾಂಕಿನಲ್ಲೇ ಕೊಡಿ. ನಗದು ಕೊಡಲೇಬೇಕಾದರೆ ಓಚರ್ (ಹಣ ಪಡೆದವರ ಸಹಿ ಇರುವ ಚೀಟಿ) ಬರೆಸಿ. ಹಾಜರಿ ಪುಸ್ತಕ ಪ್ರತಿ ತರಗತಿಯಲ್ಲೂ ಆಗಲೇ ಬರೆಯಿರಿ, ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಹತ್ತು ವಾರದ್ದು ತುಂಬಿದರೆ ನೋಡಿದವರಿಗೆ ಗೊತ್ತಾಗುತ್ತದೆ. ಒಂದು ಸಾಲಿನ ಹಣವನ್ನು ಇನ್ನೊಂದಕ್ಕೆ ಹಾಕಬೇಕಾದರೆ ಮೊದಲೇ ಇಮೇಲ್ ಮಾಡಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಆಡಿಟಿನಲ್ಲಿ ನಿಲ್ಲುವುದಿಲ್ಲ. ಊರಿನ ದಾನಿಗಳಿಗೆ ರಸೀದಿ ಕೊಡಿ. ನಿಮಗೆ 80ಜಿ ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿ.

ಸಮಾರೋಪಕ್ಕೆ ಮೈಕ್ ಅನುಮತಿ ಪೊಲೀಸರಿಂದ ಪಡೆಯಲೇಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಮಕ್ಕಳ ಆಟವನ್ನು ಸಂಜೆ ಐದಕ್ಕೆ ಶುರು ಮಾಡಿ, ಒಂಬತ್ತೂವರೆಗೆ ಮಂಗಳ ಹಾಡಿಸಿ. ಭಾಷಣ ಮೂರಕ್ಕಿಂತ ಜಾಸ್ತಿ ಇಟ್ಟರೆ ಮಂಗಳ ಮೈಕಿಲ್ಲದೆ ಹಾಡಬೇಕಾಗುತ್ತದೆ.

ಎಲ್ಲ ಮುಗಿದು ಒಂದು ತಿಂಗಳೊಳಗೆ ಎರಡು ಕಾಗದ ಹೋಗಬೇಕು. ಒಂದು ವಿನಿಯೋಗ ಪ್ರಮಾಣಪತ್ರ, ಅಂದರೆ ಕೊಟ್ಟ ಹಣ ಹೇಳಿದ ಕೆಲಸಕ್ಕೇ ಖರ್ಚಾಗಿದೆ ಅಂತ ಲೆಕ್ಕ ಪರಿಶೋಧಕರು ಸಹಿ ಹಾಕಿ ಕೊಡುವ ಪತ್ರ. ಇನ್ನೊಂದು ಎರಡು ಪುಟದ ವರದಿ. ವರದಿಯಲ್ಲಿ 'ಕಾರ್ಯಕ್ರಮ ಅಭೂತಪೂರ್ವ ಯಶಸ್ಸು ಕಂಡಿತು' ಅಂತ ಬರೆಯುವ ಬದಲು 25ರಲ್ಲಿ ಎಷ್ಟು ಮಂದಿ ಕೊನೆಯವರೆಗೆ ಬಂದರು, ಬಿಟ್ಟವರು ಯಾಕೆ ಬಿಟ್ಟರು ಅಂತ ಬರೆಯಿರಿ. ಏಳು ಮಂದಿ ಟ್ಯೂಶನ್ ಅಂತ ಬಿಟ್ಟಿದ್ದರೆ ಹಾಗೇ ಬರೆಯಿರಿ. ಉಳಿದ ಹಣ ಇದ್ದರೆ ವಾಪಸ್ ಕಳಿಸಿ. 1,140 ರೂಪಾಯಿ ಉಳಿದರೂ ಸರಿ. ಆ ಚೆಕ್ಕು ಮುಂದಿನ ವರ್ಷದ ಅರ್ಜಿಗೆ ಯಾವ ಶಿಫಾರಸಿಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಕೊನೆಗೆ ಗುಮಟೆಯ ವಿಷಯ. ಅವು ಸಂಘದ ಸೊತ್ತು, ದಾಸ್ತಾನು ಪುಸ್ತಕದಲ್ಲಿ ನಂಬರು ಹಾಕಿ ಬರೆಯಿರಿ, ಯಾರ ಮನೆಯಲ್ಲಿ ಇದೆ ಅಂತಲೂ ಬರೆಯಿರಿ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಸಡಿಲವಾಗುತ್ತದೆ. ಸಭಾಂಗಣದ ಮೂಲೆಯಲ್ಲಿ ಬಿಡಬೇಡಿ. ಸೌದೆ ಒಲೆ ಉರಿಯುವ ಯಾವುದಾದರೂ ಮನೆಯ ಅಟ್ಟ ಸಿಕ್ಕಿದರೆ ಅಲ್ಲಿ ಇಡಿಸಿ. ಮಣ್ಣಿನ ಮಡಕೆಯಾದ್ದರಿಂದ ಸಾಗಿಸುವಾಗ ಆರರಲ್ಲಿ ಒಂದು ಒಡೆಯುವುದು ಖಂಡಿತ. ಒಡೆದರೆ ಚೂರಿನ ಫೋಟೊ ತೆಗೆದು, ಸಮಿತಿಯ ಸಭೆಯಲ್ಲಿ ಬರೆಸಿಟ್ಟು, ಆಮೇಲೆ ಎಸೆಯಿರಿ.